ಯಾವ ಪರವಾ?

ನಿಲಂಗಾ
೧೮ ಜುಲೈ ೨೦೦೦

ಚಿ. ಸೌ. ದೀಪಾಲಿಗೆ,

ಸಿಟ್ಟಾದ ಮಗಳಿಗೂ ಅವ್ವನ ಆಶೀರ್ವಾದ ಕಡಿಮೆಯಾಗುವುದಿಲ್ಲ ಎಂದು ತಿಳಿದು ಓದು.

ಪಂಚಮಿ ಹತ್ತಿರ ಬಂತು. ನಿನ್ನನ್ನು ಕರೆತರಲು ನಿನ್ನ ಅಣ್ಣ ಬಸವೇಶ್ವರನಿಗೆ ಹೇಳಿದರೆ, "ಆಕಿ ನನ್ನ ಮುಖಾ ನೋಡಂಗಿಲ್ಲ, ಬಿಡವ್ವಾ" ಎಂದು ಅರಿವೆ ಅಂಗಡಿಗೆ ಹೋದ. ಅಪ್ಪನ ಮಣ್ಣಿಗೆ ನಿನಗಾಗಿ ಕಾಯಲಿಲ್ಲವೆಂದು ನೀನು ಅಣ್ಣನ ಜೊತೆ ಮಾತು ಬಿಟ್ಟು ನಾಲ್ಕು ವರ್ಷವಾಯಿತು.

ನೀನಿರುವ ಸೂರತದಿಂದ ಇಲ್ಲಿಗೆ ಎರಡು ರೈಲು, ಸೊಲ್ಲಾಪುರದಿಂದ ಒಂದು ಎಸ್‌.ಟಿ. ಬಸ್ಸು, ಒಟ್ಟು ಒಂದೂವರೆ ದಿನ. ನಿನ್ನ ಅಪ್ಪನಿಗೆ ಅದು ಬಾಯಿಪಾಠ. ಭೂಕಂಪದ ನಂತರ ಅವರು ಕಲ್ಲಿನ ಮನೆಯೊಳಗೆ ಮಲಗಲೇ ಇಲ್ಲವಲ್ಲ, ಹಬ್ಬಕ್ಕೆ ನೀನು ಹೊರಟ ಸುದ್ದಿ ಬಂದರೆ ಸಾಕು, ಅಂಗಳದ ತಗಡಿನ ಶೆಡ್ಡಿನಲ್ಲಿ ಕೂತು, "ಈಗ ಮುಂಬೈ ದಾಟ್ಯಾಳ, ಈಗ ಉಮರ್ಗಾ ಬಂದಾಳ" ಎಂದು ನನ್ನ ತಲೆ ತಿನ್ನುತ್ತಿದ್ದರು.

ಅಪ್ಪನಿಗೆ ಜಾಸ್ತಿಯಾದಾಗ ನಿನಗೆ ತಂತಿ ಕೊಟ್ಟೆವು. ಸಿಕ್ಕಿತೋ ಇಲ್ಲವೋ ತಿಳಿಯಲಿಲ್ಲ. ಮೂರನೆಯ ದಿನ ನಸುಕಿನಲ್ಲಿ ಅವರು ಹೋದರು. ಬಸ್‌ ಸ್ಟ್ಯಾಂಡಿನ ಎಸ್‌.ಟಿ.ಡಿ.ಯಿಂದ ನಿನ್ನ ನೆರೆಮನೆಯ ಶೇವಂತಾಬಾಯಿಗೆ ಫೋನು ಹೋಯಿತು. ಆಕೆ ಮರಾಠಿಯವಳು. "ದೀಪಾಲಿ? ಪರವಾ..." ಎಂದಳು, ಲೈನು ಕಡಿಯಿತು.

ಮರಾಠಿಯಲ್ಲಿ ಮೊನ್ನೆಯೂ ಪರವಾ, ನಾಳಿದ್ದೂ ಪರವಾ. ಅದಕ್ಕೇ ಈ ಪತ್ರ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಿನಗೆ ಓದುವುದು ತಡವಾದರೂ ಅಡ್ಡಿಯಿಲ್ಲ.

ನೀನು ನಾಳಿದ್ದು ಹೊರಡುತ್ತೀ ಎಂದು ಇಲ್ಲಿ ಲೆಕ್ಕ ಹಾಕಿದರು. ಅದರ ಮೇಲೆ ಒಂದೂವರೆ ದಿನದ ದಾರಿ. ಮೇ ತಿಂಗಳ ಬಿಸಿಲು, ಕೂರಿಸಿದ ದೇಹ ಎಷ್ಟು ದಿನ ತಡೆದೀತು? ಕಾಶೆಪ್ಪ ಮಾಮ ಹೊಲದಲ್ಲಿ ಕುಣಿ ತೋಡಿಸಿದ. ಹನ್ನೆರಡಕ್ಕೆ ಮಣ್ಣಾಯಿತು.

ನೀನೋ ಮೊನ್ನೆಯೇ ಹೊರಟವಳು. ಆಗ ಯೆಣೆಗೂರದ ಢಾಬಾದ ಮುಂದೆ ಕೆಟ್ಟು ನಿಂತ ಬಸ್ಸಿನಲ್ಲಿದ್ದೆಯಂತೆ. ನಾಲ್ಕಕ್ಕೆ ಬಂದು ಹಸಿ ಮಣ್ಣಿನ ಮೇಲೆ ಕೈ ಇಟ್ಟು, "ನಾಕು ತಾಸು ತಡಿಲಿಕ್ಕಾಗಲಿಲ್ಲೇನೋ ಅಣ್ಣಾ" ಎಂದು ಕೇಳಿದೆ. ಅವನು ತಲೆ ತಗ್ಗಿಸಿದ. ನಾನೂ ಬಾಯಿ ಬಿಡಲಿಲ್ಲ. ಆ ಸಂಕಟ ನನ್ನನ್ನು ಇನ್ನೂ ಬಿಟ್ಟಿಲ್ಲ.

ಹಬ್ಬಕ್ಕೆ ಬಾ ಮಗಳೇ. ಜೋಕಾಲಿಯ ಹಗ್ಗ ಅಟ್ಟದ ಮೇಲೆಯೇ ಇದೆ. ನಿನ್ನ ಅಣ್ಣ ವರ್ಷಕ್ಕೊಂದರಂತೆ ನಿನಗೆಂದು ತೆಗೆದಿಟ್ಟ ಸೀರೆಗಳು ನನ್ನ ಟ್ರಂಕಿನಲ್ಲಿವೆ. ಯಾವಾಗ ಹೊರಡುತ್ತೀ ಎಂದು ತಿಳಿಸು. ಪರವಾ ಅನ್ನಬೇಡ, ತಾರೀಖು ಬರೆ.

ನಿನ್ನ ದಾರಿ ಕಾಯುವ ಅವ್ವ,
ಸುಗಂಧಾ

ತಾ.ಕ.: ಮೇಲೆ "ಫೋನು ಹೋಯಿತು", "ಲೆಕ್ಕ ಹಾಕಿದರು" ಎಂದೆಲ್ಲ ಬರೆದಿದ್ದೇನೆ. ಫೋನು ಹಿಡಿದವಳು ನಾನು, ಲೆಕ್ಕ ಹಾಕಿದವಳೂ ನಾನೇ. "ಯಾವ ಪರವಾ ಅಂತ ಇನ್ನೊಮ್ಮಿ ಕೇಳಿ ಬರ್ತೀನಿ, ತಡಿಯವ್ವಾ" ಎಂದು ಬಸವೇಶ್ವರ ಚಪ್ಪಲಿ ಮೆಟ್ಟಿದ್ದ. ಅವರನ್ನು ಹಾಗೆ ಕೂರಿಸಿಟ್ಟದ್ದು ನನ್ನಿಂದ ನೋಡಲಾಗುತ್ತಿರಲಿಲ್ಲ. "ನಾ ಕೇಳೀನಿ, ನಾಳಿದ್ದೇ ಅಂದಾಳ" ಎಂದು ಸುಳ್ಳು ಹೇಳಿ ತಡೆದೆ. ನೀನು ಬಂದ ಸಂಜೆಯೇ ಅವನಿಗೆ ನನ್ನ ಸುಳ್ಳು ತಿಳಿಯಿತು. ಇವತ್ತಿಗೂ ಅವನು ಅದನ್ನು ನಿನಗೆ ಹೇಳಿಲ್ಲ.