ಹೃದಯಕ್ಕೂ ಒಂದು ಟೋಕನ್ ಕೊಡಿ, ಅಧೀಕ್ಷಕರೇ

ಮಾನ್ಯ ವೈದ್ಯಕೀಯ ಅಧೀಕ್ಷಕರೇ,

ಇಂದು ಬೆಳಿಗ್ಗೆ ನಮ್ಮಮ್ಮಿ ಮಹಡಿಯ ಕಿಟಕಿಯಿಂದ ಹಗ್ಗ ಕಟ್ಟಿದ ಬುಟ್ಟಿಯನ್ನು ಇಳಿಬಿಟ್ಟು ಹಾಲು ತರಿಸಿಕೊಂಡರು. ಬರೀ ಅರ್ಧ ಲೀಟರ್. ಮೇಲೆಳೆಯುವಾಗ ಬುಟ್ಟಿ ಅರ್ಧಕ್ಕೆ ಬರುತ್ತಲೇ ಹಗ್ಗವನ್ನು ಕಿಟಕಿಯ ಸರಳಿಗೆ ಸುತ್ತಿ, ಕಣ್ಣು ಮುಚ್ಚಿ, ಏದುಸಿರು ಇಳಿಯುವವರೆಗೆ ನಿಂತರು. ಶಿವಾಜಿನಗರದ ನಮ್ಮ ಗಲ್ಲಿಯಲ್ಲಿ ಯಾರು ತಲೆಯೆತ್ತಿದರೂ ಕಾಣುವ ಈ ಸಂಗತಿ ನಿಮ್ಮ ಆಸ್ಪತ್ರೆಗೆ ಮಾತ್ರ ಇದುವರೆಗೆ ಕಂಡಿಲ್ಲ. ಅಮ್ಮಿಯನ್ನು ಹೃದಯ ತಜ್ಞರ ಬಳಿಗೆ ಬರೆದು ಕಳಿಸಲು ನಿಮ್ಮವರು ಒಪ್ಪುತ್ತಿಲ್ಲ. ಅದೇ ನನ್ನ ದೂರು.

ತಜ್ಞರಿಗೆ ತೋರಿಸಲು ಯೋಗ್ಯವಾದ ರೋಗಿ ಹೇಗಿರಬೇಕೆಂಬ ಚಿತ್ರವೊಂದು ನಿಮ್ಮವರ ತಲೆಯಲ್ಲಿದೆ: ಎದೆ ಹಿಡಿದುಕೊಂಡು, ಬೆವರಿ, ಕುಸಿದು ಬೀಳುವ ಗಂಡಸು. ಬುರ್ಖಾ ತೊಟ್ಟು ಸುಮ್ಮನೆ ಕೂತ ಉಮ್ಮೆ ಕುಲ್ಸುಂ ಎಂಬ ಹೆಂಗಸು, ಅಂದರೆ ನಮ್ಮಮ್ಮಿ, ಆ ಚೌಕಟ್ಟಿಗೆ ಒಗ್ಗುವುದಿಲ್ಲ. ಆಕೆಗಿರುವುದು ಗ್ಯಾಸು, ತಪ್ಪಿದರೆ ಟೆನ್ಷನ್ನು. ಪಾದ ಊದಿದರೆ? ನಿಂತು ಅಡುಗೆ ಮಾಡಿದ್ದಕ್ಕೆ. ಮಲಗಿದರೆ ಉಸಿರು ಕಟ್ಟುತ್ತದೆಂದು ದಿಂಬುಗಳಿಗೆ ಒರಗಿ ಕೂತೇ ನಿದ್ರಿಸಿದರೆ? ಅದನ್ನಂತೂ ಯಾರೂ ಕೇಳಲೇ ಇಲ್ಲ.

ನಿಮ್ಮ ವೈದ್ಯರು ಕೇಳಿದ್ದು ನನ್ನ ಅಣ್ಣ ಓವೈಸನನ್ನು.

"ಮೆಟ್ಲು ಹತ್ತಿದ್ರೆ ಇವರಿಗೆ ಸುಸ್ತಾಗುತ್ತೇನ್ರೀ?"

"ಮೆಟ್ಲಾ? ಅಮ್ಮೀನ ಕೆಳಗೇ ಇಳಿಸಲ್ಲ ಸಾರ್. ರಾಣಿ ಥರ ಇಟ್ಕೊಂಡಿದೀವಿ!"

ನಮ್ಮಲ್ಲಿ ಒಳ್ಳೆಯ ಮಗ ಹೊರಗಿನವರ ಮುಂದೆ ಹೀಗೆಯೇ ಹೇಳಬೇಕು. ತಾಯಿಗೆ ಕಷ್ಟವಿದೆ ಎಂದರೆ ಮನೆಯ ಮರ್ಯಾದೆ ಹೋದಂತೆ. ನಿಮ್ಮ ವೈದ್ಯರು ತೃಪ್ತಿಯಿಂದ 'ಸುಸ್ತಿಲ್ಲ' ಎಂದು ಬರೆದುಕೊಂಡರು. ಎದುರೇ ಕೂತಿದ್ದ ಅಮ್ಮಿಯನ್ನು ಒಂದು ಮಾತು ಕೇಳಿದ್ದರೆ ಸ್ಟೆತಸ್ಕೋಪಿನ ಘನತೆಗೆ ಕುಂದಾಗುತ್ತಿತ್ತೇ?

ಎದೆ ಇದ್ದಕ್ಕಿದ್ದಂತೆ ಓಡುತ್ತದೆ, ತಾಳ ತಪ್ಪುತ್ತದೆ ಎಂದು ನಾನು ಮೆಲ್ಲಗೆ ಹೇಳಿದೆ. "ಇಸಿಜಿ ನಾರ್ಮಲ್ ಇದ್ಯಲ್ಲಮ್ಮ. ಬಡ್ಕೊಳ್ಳೋವಾಗ್ಲೇ ಕರ್ಕೊಂಬನ್ನಿ" ಎಂದರು. ಕರೆತಂದೆವು. ಚೀಟಿಗೆ ಒಂದು ಸಾಲು, ಇಸಿಜಿಗೆ ಇನ್ನೊಂದು ಸಾಲು. ಯಂತ್ರದ ಬಳಿ ತಲುಪುವಷ್ಟರಲ್ಲಿ ಎದೆ ಸುಮ್ಮನಾಗಿತ್ತು. "ನೋಡಿ, ಮತ್ತೆ ನಾರ್ಮಲ್ಲು!" ಹೃದಯಗಳಿಗೂ ಟೋಕನ್ ಕೊಟ್ಟು, ಸರದಿ ಬಂದಾಗಲೇ ತಾಳ ತಪ್ಪತಕ್ಕದ್ದು ಎಂದು ತಾವೊಂದು ಸುತ್ತೋಲೆ ಹೊರಡಿಸಬಾರದೇಕೆ? ಬಂದು ಹೋಗುವ ಬಡಿತವನ್ನು ಹಿಡಿಯಲು ಇಡೀ ದಿನ ಎದೆಗೆ ಅಂಟಿಸಿಕೊಂಡಿರುವ ಯಂತ್ರವಿದೆಯೆಂದು ಸಾಹಿತ್ಯ ಓದಿದ ನನಗೇ ಗೊತ್ತು.

ಆಟೋದಲ್ಲಿ ಮರಳುವಾಗ ಅಮ್ಮಿ ಎದೆ ಮುಟ್ಟಿಕೊಂಡು ನಮ್ಮ ದಖನಿ ಉರ್ದುವಿನಲ್ಲಿ ಹೇಳಿ ನಕ್ಕರು: "ಇದಕ್ಕೂ ನಿನ್ನ ಥರಾನೇ ನಾಚಿಕೆ ಕಣೇ. ಹೊರಗಿನವರ ಮುಂದೆ ಬಾಯೇ ಬಿಡಲ್ಲ." ನನಗೆ ನಗು ಬರಲಿಲ್ಲ.

ಆದ್ದರಿಂದ, ರೋಗಿಯನ್ನೇ ಕೇಳಿ. ಜೊತೆಗೆ ಬಂದ ಗಂಡಸನ್ನಲ್ಲ. ಅಮ್ಮಿಗೆ ಆ ಯಂತ್ರ ಹಾಕಿಸಿ, ಇಲ್ಲವೇ ಅದಿರುವಲ್ಲಿಗೆ, ಹೃದಯ ತಜ್ಞರ ಬಳಿಗೆ, ತಡಮಾಡದೆ ಬರೆದು ಕಳಿಸಿ. ಕುಸಿದು ಬಿದ್ದ ಮೇಲೆಯೇ ಕಾಯಿಲೆ ಸಾಬೀತಾಗುವುದಾದರೆ ಆಸ್ಪತ್ರೆ ಯಾಕೆ ಬೇಕು? ನಮ್ಮ ಮನೆಯ ಮೆಟ್ಟಿಲೇ ಸಾಕಲ್ಲ.

ಸೋಮವಾರ ಅಣ್ಣ ಅಂಗಡಿಯಲ್ಲೇ ಇರುತ್ತಾನೆ. ಅವನಿಗೆ ಇನ್ನೂ ಹೇಳಿಲ್ಲ. ಅಮ್ಮಿ ಮತ್ತು ನಾನು ಬರುತ್ತೇವೆ. "ಗಂಡಸರು ಯಾರೂ ಬಂದಿಲ್ವಾ?" ಎಂದು ಕೇಳಿದರೆ ಇಲ್ಲ ಎನ್ನುತ್ತೇನೆ. ಆಮೇಲೆ ಅಮ್ಮಿ ದಖನಿಯಲ್ಲಿ ಹೇಳುವ ಒಂದೊಂದು ಮಾತನ್ನೂ ಕನ್ನಡದಲ್ಲಿ ನಾನೇ ಹೇಳುತ್ತೇನೆ, ಬಾಗಿಲಾಚೆ ಸಾಲಿನಲ್ಲಿ ನಿಂತವರಿಗೂ ಕೇಳಿಸುವ ಹಾಗೆ.

ಇಂತಿ,
ನಿಮ್ಮ ಹೊರರೋಗಿ ವಿಭಾಗದ ಗೋಡೆಗೆ ಒರಗಿಯೇ ಅಭ್ಯಾಸವಾದ
ಅರೀಬಾ
ಶಿವಾಜಿನಗರ