ಹದಿನೇಳನೇ ಕಲಮು ಮತ್ತು ನನ್ನಣ್ಣನ ಅಂಗಡಿ

ಮಾದರಿ ಕರಾರು ಸಮಿತಿಯ ಅಧ್ಯಕ್ಷರೇ,

"ಕರಾರಿನಲ್ಲಿ ಕಾಣಿಸಿದ ವಿಳಾಸಕ್ಕೆ ಅಂಚೆಯಲ್ಲಿ ಕಳಿಸಿದ ನೋಟಿಸು ಮೂರನೆಯ ದಿನ ತಲುಪಿದೆಯೆಂದು ಭಾವಿಸತಕ್ಕದ್ದು." ತಮ್ಮ ಮಾದರಿ ಪುಸ್ತಕದ ಹದಿನೇಳನೇ ಕಲಮಿನ ಈ ಒಂದೇ ವಾಕ್ಯದಿಂದ, ನನ್ನಣ್ಣ ಇಪ್ಪತ್ತೆರಡು ವರ್ಷ ಗಡಿಯಾರ ರಿಪೇರಿ ಮಾಡುತ್ತಿದ್ದ ಅಂಗಡಿಯನ್ನು ಕಳೆದುಕೊಂಡ. ವ್ಯಾಕರಣಕ್ಕೆ ಎಲ್ಲೂ ಕುಂದು ಬಾರದ ವಾಕ್ಯ. ಮನುಷ್ಯನಿಗಷ್ಟೇ ಅದರಲ್ಲಿ ಜಾಗವಿಲ್ಲ.

ನಡೆದದ್ದು ಇಷ್ಟು. ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಅಣ್ಣ ಏಳು ವಾರ ಆಸ್ಪತ್ರೆಯಲ್ಲಿದ್ದ. ಅಂಗಡಿಗೆ ಬೀಗ ಹಾಕಿತ್ತು. ಎರಡನೇ ವಾರ ಕಟ್ಟಡದ ಮಾಲೀಕರು ಕಿತ್ತಳೆ ಹಣ್ಣು ಹಿಡಿದು ನೋಡಲು ಬಂದರು. ಮಂಚದ ಪಕ್ಕ ಅರ್ಧ ಗಂಟೆ ಕೂತು, ಅವಸರ ಮಾಡಬೇಡಿ, ಪೂರ್ತಿ ಗುಣವಾದ ಮೇಲೇ ಬನ್ನಿ ಎಂದು ಧೈರ್ಯ ಹೇಳಿದರು. ಮೂವತ್ತು ದಿನದೊಳಗೆ ಅಂಗಡಿ ಖಾಲಿ ಮಾಡಬೇಕೆಂಬ ನೋಟಿಸನ್ನು ಅವರು ಹಿಂದಿನ ದಿನವೇ ಅಂಚೆಗೆ ಹಾಕಿದ್ದರು. ಯಾವ ವಿಳಾಸಕ್ಕೆ? ಬೀಗ ಬಿದ್ದ ಅದೇ ಅಂಗಡಿಗೆ! ಅಣ್ಣ ಊರುಗೋಲು ಊರಿಕೊಂಡು ಹೋದಾಗ ಬಾಗಿಲಲ್ಲಿ ಬೇರೆ ಬೀಗವಿತ್ತು. ಅವನ ಸಲಕರಣೆ, ಗಿರಾಕಿಗಳ ಗಡಿಯಾರ, ಎಲ್ಲವೂ ಮೂರು ರಟ್ಟಿನ ಪೆಟ್ಟಿಗೆಗಳಲ್ಲಿ ಹೊರಗೆ ಬಿದ್ದಿದ್ದವು.

ಅಣ್ಣ ದಾವೆ ಹೂಡಿದ. ನ್ಯಾಯಾಲಯದಲ್ಲಿ ಮಾಲೀಕರ ವಕೀಲರು ಆಸ್ಪತ್ರೆಯ ಭೇಟಿಯನ್ನು ಅಲ್ಲಗಳೆಯಲೂ ಇಲ್ಲ. ಅಧ್ಯಕ್ಷರೇ, ತಮ್ಮ ಮಾದರಿ ಪುಸ್ತಕದ ಕೊನೆಯಲ್ಲಿ ವಕೀಲರಿಗೆಂದು ಪ್ರಶ್ನೋತ್ತರಗಳಿವೆಯಲ್ಲ, ಅವನ್ನೇ ತೆಗೆದು ಓದಿದರು. ಪ್ರಶ್ನೆ: ನೋಟಿಸು ಕೈಸೇರಲಿಲ್ಲವೆಂದು ಎದುರು ಪಕ್ಷದವರು ರುಜುವಾತು ಮಾಡಿದರೆ? ಉತ್ತರ: ಹದಿನೇಳನೇ ಕಲಮು ಇದ್ದಲ್ಲಿ ಈ ಪ್ರಶ್ನೆ ಉದ್ಭವಿಸುವುದಿಲ್ಲ. ಎಷ್ಟು ಸಲೀಸು! ಏಳು ವಾರ ಮಲಗಿದ್ದ ಮನುಷ್ಯನೂ ತಮ್ಮ ಪಾಲಿಗೆ ಉದ್ಭವಿಸಲಿಲ್ಲವೇ?

ಇನ್ನು ನನ್ನ ವಿಷಯ. ಇಪ್ಪತ್ತೆಂಟು ವರ್ಷ ವಕೀಲರೊಬ್ಬರ ಕಚೇರಿಯಲ್ಲಿ ಕರಾರು ಟೈಪು ಮಾಡಿದವಳು ನಾನು. ಮೂರು ವರ್ಷದ ಹಿಂದೆ ಅಣ್ಣನ ಅಂಗಡಿಯ ಬಾಡಿಗೆ ಕರಾರು ಹೊಸದಾಗಿ ಆದಾಗ ತಮ್ಮ ಪುಸ್ತಕ ನೋಡಿ ಟೈಪು ಮಾಡಿದ್ದೂ ನಾನೇ. ಸಹಿಗೆ ಮುಂಚೆ ಅವನು ಆ ಕಲಮಿನ ಮೇಲೆ ಬೆರಳಿಟ್ಟು, "ಇದೇನು ಪುಟ್ಟಿ, ಬರದಿದ್ರೂ ಬಂತು ಅಂದ್ಕೋಬೇಕಾ?" ಎಂದು ಕೇಳಿದ.

"ಎಲ್ಲರದ್ರಲ್ಲೂ ಇರತ್ತೆ ಅಣ್ಣ, ಸಹಿ ಹಾಕು" ಎಂದೆ.

ತೀರ್ಪು ಬಂದ ದಿನ ಕ್ಷಮೆ ಕೇಳಲು ಹೋದೆ. "ಮೊದ್ಲು ಊಟ ಮಾಡು" ಎಂದನೇ ಹೊರತು ಇಂದಿಗೂ ಆ ಮಾತು ಎತ್ತಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಈಗ ನಮ್ಮ ಮನೆಯ ಕಿಟಕಿ ಪಕ್ಕ ಮೇಜು ಹಾಕಿಕೊಂಡು ಕೂರುತ್ತಾನೆ. ಗಡಿಯಾರ ರಿಪೇರಿಗೆ ಎರಡು ಮಹಡಿ ಹತ್ತಿ ಬರುವವರು ಯಾರು?

ತಮ್ಮ ಕಚೇರಿಗೆ ಮೂರು ಸಲ ಬರೆದೆ, ಉತ್ತರವಿಲ್ಲ. ಅದಕ್ಕೇ ಈ ಬಹಿರಂಗ ಪತ್ರದಲ್ಲಿ ನಾಲ್ಕು ಜನರ ಮುಂದೆ ಕೇಳುತ್ತಿದ್ದೇನೆ. ಮುಂದಿನ ಮುದ್ರಣದಲ್ಲಿ ಒಂದೇ ಸಾಲು ಸೇರಿಸಿ: ನೋಟಿಸು ಪಡೆಯಬೇಕಾದವರು ಬೇರೆಡೆ ಇರುವುದು ಕಳಿಸುವವರಿಗೆ ಗೊತ್ತಿದ್ದರೆ, ಅಲ್ಲಿಗೇ ಹೋಗಿ ಕೈಯಲ್ಲಿ ಕೊಡತಕ್ಕದ್ದು. ಅಲ್ಲಿಯವರೆಗೆ ಆ ಕಲಮನ್ನು ಟೈಪು ಮಾಡುವುದಿಲ್ಲವೆಂದು ಕಳೆದ ವಾರ ನಮ್ಮ ವಕೀಲರಿಗೆ ಹೇಳಿದೆ. ನಾಳೆಯಿಂದ ಬರಬೇಡ ಎಂದರು. ಅದನ್ನವರು ನನ್ನ ಮುಖ ನೋಡಿಕೊಂಡೇ ಹೇಳಿದರು. ಆ ಮಟ್ಟಿಗೆ ಅವರು ತಮಗಿಂತ ವಾಸಿ.

ಇಂತಿ,
ಓದದೆ ಟೈಪು ಮಾಡಿದ ಒಬ್ಬ ತಂಗಿ