ಬೆಣಕನಹಾಳದ ಕೂದಲಿನ ಚೀಲ

ಹಳೆಯ ತೀರ್ಪುಗಳ ಮರುನೋಟ ಶುರುವಾದ ಅರವತ್ತೊಂದನೆಯ ವರ್ಷ, ಹಿಂಗಾರಿನ ಹದಿನೇಳನೆಯ ದಿನ. ನಿಮ್ಮ ಎಣಿಕೆಯಲ್ಲಿ ಕ್ರಿ.ಶ. 2209.

ನಮಗಿಂತ ಮೊದಲು ಬದುಕಿದವರಿಗೆ,

ನನ್ನ ಕನ್ನಡ ನಿಮ್ಮ ಕಿವಿಗೆ ಒರಟಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮ ಎಷ್ಟೋ ಮಾತುಗಳನ್ನು ನಾವು ಕಳೆದುಕೊಂಡಿದ್ದೇವೆ, ಕೆಲವನ್ನು ಹೊಸದಾಗಿ ಕಟ್ಟಿಕೊಂಡಿದ್ದೇವೆ. ಅವುಗಳಲ್ಲಿ ಒಂದು ಓದುಸರದಿ. ಇಲ್ಲಿ ಪ್ರತಿಯೊಬ್ಬ ವಯಸ್ಕರೂ ವರ್ಷಕ್ಕೊಂದು ತಿಂಗಳು ಹಳೆಯ ಕಾಲದ ಒಂದು ಕೋರ್ಟ್ ಫೈಲನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಬೇಕು. ಬೆಳಿಗ್ಗೆ ಮಕ್ಕಳನ್ನು ಗಾಳಿಬಂಡಿ ಹತ್ತಿಸಿ, ಮಧ್ಯಾಹ್ನ ಓಣಿಯ ಅಡುಗೆಮನೆಯಲ್ಲಿ ಎಲ್ಲರ ಜೊತೆ ಸಜ್ಜೆ ರೊಟ್ಟಿ ತಿಂದು, ಉಳಿದ ಹೊತ್ತೆಲ್ಲ ಓದುತ್ತೇವೆ. ಈ ವರ್ಷ ನನ್ನ ಪಾಲಿಗೆ ಬಂದ ಫೈಲಿನಲ್ಲಿ ನನ್ನದೇ ಮನೆತನದ ಒಬ್ಬ ಹೆಂಗಸಿನ ಹೆಸರಿತ್ತು. ಓದಿ ಮುಗಿಸಿದ ಮೇಲೆ ಮೂರು ದಿನ ನನಗೆ ಊಟ ರುಚಿಸಲಿಲ್ಲ. ಆ ಸಿಟ್ಟಿನಲ್ಲೇ ಇದನ್ನು ಬರೆಯುತ್ತಿದ್ದೇನೆ.

ಬೆಣಕನಹಾಳ ನಿಮ್ಮ ಕಾಲದ ಒಂದು ಸಣ್ಣ ಪಟ್ಟಣ. ದುರುಗಪ್ಪ ಅಲ್ಲಿ ಓಣಿ ಓಣಿ ತಿರುಗಿ ಹೆಂಗಸರು ಬಾಚಿ ತೆಗೆದಿಟ್ಟ ಕೂದಲನ್ನು ಕೊಳ್ಳುತ್ತಿದ್ದ. ಬದಲಿಗೆ ಪಿನ್ನು, ಬಲೂನು, ಕೂದಲು ಜಾಸ್ತಿಯಿದ್ದರೆ ಒಂದು ಸ್ಟೀಲ್ ಬಟ್ಟಲು ಕೊಡುತ್ತಿದ್ದ. ಹೆಂಡತಿ ಯಂಕವ್ವ ಆ ಕೂದಲಿನ ಸಿಕ್ಕು ಬಿಡಿಸುತ್ತಿದ್ದಳು. ಅವಳ ತಮ್ಮ ಹನುಮೇಶ ಚೀಲ ಹೊರುತ್ತಿದ್ದ. ಹನ್ನೆರಡು ವರ್ಷ ಇಡೀ ಊರು ಅವರನ್ನು ನೋಡಿತ್ತು.

ಎರಡು ವರ್ಷದಲ್ಲಿ ಕಾಲುವೆ ರಸ್ತೆಯಲ್ಲಿ ಐದು ಮಂದಿ ಹೆಂಗಸರ ಕೊಲೆಯಾಯಿತು. ಐವರನ್ನೂ ಅವರ ಸೆರಗಿನಿಂದಲೇ ಕುತ್ತಿಗೆ ಬಿಗಿದು ಕೊಂದಿದ್ದರು. ಊರು ಹೆದರಿತು, ಅಂಗಡಿ ಮುಚ್ಚಿತು, ಠಾಣೆಗೆ ಕಲ್ಲು ತೂರಿತು. ಯಾರನ್ನಾದರೂ ಹಿಡಿಯಲೇಬೇಕಾಗಿದ್ದ ಪೊಲೀಸರು ದುರುಗಪ್ಪನ ಮನೆಗೆ ನುಗ್ಗಿದರು. ಅಲ್ಲಿ ಒಂದು ಚೀಲದ ತುಂಬ ಹೆಂಗಸರ ಕೂದಲು ಸಿಕ್ಕಿತು.

ಕೂದಲು ವ್ಯಾಪಾರಿಯ ಮನೆಯಲ್ಲಿ ಕೂದಲು ಸಿಕ್ಕಿತು! ಟಿವಿಯವರು ಅದನ್ನು ಮೇಜಿನ ಮೇಲೆ ಸುರಿಸಿ ತೋರಿಸಿದರು. ಕೊಂದವನು ನೆನಪಿಗೆ ಇಟ್ಟುಕೊಂಡದ್ದು ಎಂದರು. ಪರೀಕ್ಷೆಗೆ ಕಳಿಸಿದಾಗ ಸತ್ತವರಲ್ಲಿ ಇಬ್ಬರ ಕೂದಲು ಅದರಲ್ಲಿತ್ತು. ಇರದೆ ಏನು? ಆ ಇಬ್ಬರೂ ಅವನ ಹತ್ತಿರ ಪಿನ್ನು ತೆಗೆದುಕೊಂಡವರೇ. ದುರುಗಪ್ಪನನ್ನೂ ಹನುಮೇಶನನ್ನೂ ಠಾಣೆಗೆ ಎಳೆದೊಯ್ದ ನಾಲ್ಕನೆಯ ದಿನ, ಎರಡೂ ಅಂಗಾಲು ಬಾತಿದ್ದ ಹನುಮೇಶ ತಪ್ಪೊಪ್ಪಿಗೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ. ಅದರಲ್ಲಿ ಏನು ಬರೆದಿದೆಯೆಂದು ಅವನಿಗೆ ಯಾರೂ ಓದಿ ಹೇಳಿರಲಿಲ್ಲ.

ಎಷ್ಟೋ ವರ್ಷಗಳ ನಂತರ ಯಂಕವ್ವ ಒಂದು ಆಯೋಗದ ಮುಂದೆ ಕೊಟ್ಟ ಹೇಳಿಕೆ ಫೈಲಿನಲ್ಲಿದೆ. ನಾನು ಕೊಡುವ ಮಾತುಗಳೆಲ್ಲ ಅಲ್ಲಿನವು. ಕೋರ್ಟಿನಲ್ಲಿ ಆ ಚೀಲ ತೋರಿಸಿದಾಗ ಅವಳು ಎದ್ದು ನಿಂತಳಂತೆ.

"ಸಾಹೇಬ್ರ, ಆ ಚೀಲದಾಗ ಸತ್ತವ್ರ ಕೂದ್ಲ ಅಷ್ಟ ಅಲ್ರೀ, ಬದುಕಿದವ್ರದೂ ಅದಾವ. ಈ ಊರಿನ ಅರ್ಧ ಹೆಣ್ಮಕ್ಕಳದು ಅದಾವ."

"ಹಾಗೆಂದು ಬಂದು ಹೇಳುವವರಿದ್ದರೆ ಕರೆದುಕೊಂಡು ಬಾರಮ್ಮ," ಎಂದರು ನ್ಯಾಯಾಧೀಶರು.

ಅವಳು ನಲವತ್ತಕ್ಕೂ ಹೆಚ್ಚು ಮನೆಗಳ ಬಾಗಿಲು ತಟ್ಟಿದಳು. ಕೆಲವರು ಬಾಗಿಲನ್ನೇ ತೆರೆಯಲಿಲ್ಲ. ತೆರೆದವರಲ್ಲಿ ಒಬ್ಬಳು ಶಾಲೆಯ ಶಿಕ್ಷಕಿ ಗಿರಿಜಾದೇವಿ, ನನ್ನ ಮುತ್ತಜ್ಜಿಯ ಮುತ್ತಜ್ಜಿ.

"ಅಕ್ಕಾರ, ನೀವು ಪ್ರತಿ ತಿಂಗಳು ಕೊಡ್ತಿದ್ರಿ. ಅಷ್ಟು ಬಂದು ಹೇಳ್ರಿ ಸಾಕು."

"ಖರೇ ಐತಿ ಯಂಕವ್ವ, ಇಲ್ಲ ಅನ್ನಂಗಿಲ್ಲ. ಆದ್ರ ನಾ ಸರ್ಕಾರಿ ನೌಕರಿಯಾಕಿ. ಪೊಲೀಸರ ಎದುರಿಗೆ ಹೆಂಗ ನಿಂದ್ರಲಿ? ಮತ್ತೊಬ್ಬರನ್ನ ಕೇಳು."

ಮತ್ತೊಬ್ಬರೂ ಹಾಗೆಯೇ ಹೇಳಿದರು. ಒಬ್ಬರೂ ಬರಲಿಲ್ಲ. ದುರುಗಪ್ಪ, ಹನುಮೇಶ ಇಬ್ಬರಿಗೂ ಜೀವಾವಧಿ ಶಿಕ್ಷೆಯಾಯಿತು.

ಅವರು ಜೈಲಿಗೆ ಹೋದ ಹದಿನೆಂಟನೆಯ ತಿಂಗಳಲ್ಲಿ ಅದೇ ರಸ್ತೆಯಲ್ಲಿ, ಅದೇ ರೀತಿ, ಮಹಾದೇವಿ ಎಂಬ ಇಪ್ಪತ್ತೆರಡರ ಹುಡುಗಿಯ ಹೆಣ ಸಿಕ್ಕಿತು. ಹೊಲಿಗೆ ಕೆಲಸಕ್ಕೆ ಹೊರಟಿದ್ದವಳು. ಫೈಲಿನ ಅಂಚಿನಲ್ಲಿ ತನಿಖಾಧಿಕಾರಿಯ ಕೈಬರಹ ಇವತ್ತಿಗೂ ಚೆನ್ನಾಗಿ ಕಾಣುತ್ತದೆ: "ಹಳೆಯ ಪ್ರಕರಣಕ್ಕೆ ಜೋಡಿಸಬಾರದು." ಅವನಿಗೆ ಗೊತ್ತಿತ್ತು. ಜೋಡಿಸಿದರೆ ಆ ಇಬ್ಬರನ್ನು ಹಿಡಿದದ್ದಕ್ಕೆ ಸಿಕ್ಕ ತನ್ನ ಪದಕ ಹೋಗುತ್ತದೆಂದು ಗೊತ್ತಿದ್ದೇ ಬರೆದ.

ಒಂಬತ್ತು ವರ್ಷಗಳ ನಂತರ ಬೇರೆ ಊರಿನಲ್ಲಿ ಒಬ್ಬ ಹೆಂಗಸಿನ ಮೇಲೆ ಬಿದ್ದ ನೀರಿನ ಟ್ಯಾಂಕರ್ ಡ್ರೈವರ್ ಸಿಕ್ಕಿಬಿದ್ದ. ಬೆಣಕನಹಾಳದ ಆರೂ ಕೊಲೆಗಳನ್ನು ತಾನೇ ಮಾಡಿದ್ದಾಗಿ ಹೇಳಿ, ಜಾಗಗಳನ್ನೂ ತೋರಿಸಿದ. ಅಷ್ಟಾದರೂ ನಿಮ್ಮ ಕಚೇರಿಗಳು ಒಂದರಿಂದ ಇನ್ನೊಂದಕ್ಕೆ ಪತ್ರ ಬರೆಯುತ್ತ ಮತ್ತೆರಡು ವರ್ಷ ಕಳೆದವು. ಆ ಎರಡನೆಯ ವರ್ಷದಲ್ಲಿ ಹನುಮೇಶ ಕಾಮಾಲೆಯಾಗಿ ಜೈಲಿನಲ್ಲೇ ಸತ್ತ. ಆಗಲೇ ನಿರಪರಾಧಿಯೆಂದು ಎಲ್ಲರಿಗೂ ಗೊತ್ತಿದ್ದ ಮನುಷ್ಯ, ಬಿಡುಗಡೆಯ ಕಾಗದವೊಂದು ಬರಲಿಲ್ಲವೆಂದು ಸತ್ತ!

ದುರುಗಪ್ಪ ಒಬ್ಬನೇ ಮನೆಗೆ ಬಂದ. ಹಲ್ಲು ಉದುರಿದ್ದವು, ಬಿಸಿಲಿಗೆ ಕಣ್ಣು ಕೊಡಲು ಆಗುತ್ತಿರಲಿಲ್ಲ. ಊರಿನವರು ಅವನು ಎದುರಾದರೆ ಬೇರೆ ಓಣಿ ಹಿಡಿಯುತ್ತಿದ್ದರು. ಗಿರಿಜಾದೇವಿಯೂ ಹಾಗೆಯೇ ಮಾಡಿದಳೆಂದು ಯಂಕವ್ವನ ಹೇಳಿಕೆಯಲ್ಲಿದೆ. ಅವಳ ಹೆಸರನ್ನು ನಾನು ಅಳಿಸಿಲ್ಲ.

ಅವನ ಮನೆಗೆ ಬಂದವಳು ಒಬ್ಬಳೇ, ಮಹಾದೇವಿಯ ತಾಯಿ ಬಸಲಿಂಗವ್ವ. ಹೊಸ್ತಿಲ ಹೊರಗೇ ನಿಂತಳು.

"ನಿನ್ನ ಹಿಡದ ದಿನ ನಾ ಓಣಿ ತುಂಬ ಪೇಡೆ ಹಂಚಿದ್ದೆ, ಅಣ್ಣ. ಇನ್ನ ನನ್ನ ಮಗಳು ಧೈರ್ಯದಿಂದ ಕೆಲಸಕ್ಕ ಹೋಗ್ತಾಳ ಅಂತ."

ದುರುಗಪ್ಪ ಎದ್ದು ಬಾಗಿಲಿಗೆ ಬಂದ. ಆಮೇಲೆ ಹೇಳಿದ: "ಬ್ಯಾರೆ ಯಾರನ್ನರೆ ಹಿಡದಿದ್ರ ನಾನೂ ಒಂದು ಪೇಡೆ ತಿಂತಿದ್ದೆನವ್ವ. ಒಳಗ ಬಾ."

ಎಲ್ಲವೂ ನಡೆದುಹೋಗಿರುವ ಕಾಲದಲ್ಲಿ ನಾನಿದ್ದೇನೆ. ನೀವಿರುವ ಕಡೆ ಇನ್ನೂ ನಡೆಯುತ್ತಿದೆ. ಈಗ ನಿಮ್ಮ ಊರಿನ ಠಾಣೆಯಲ್ಲೂ ಯಾರೋ ಒಬ್ಬ ಕೂತಿರಬಹುದು. ಅವನ ಬಗ್ಗೆ ನಿಮಗೆ ಗೊತ್ತಿರುವ ಒಂದು ಸಣ್ಣ ಸಂಗತಿ ಇದ್ದರೆ, ಇವತ್ತೇ ಚಪ್ಪಲಿ ಮೆಟ್ಟಿಕೊಂಡು ಹೋಗಿ ಹೇಳಿ. ಮತ್ತೊಬ್ಬರನ್ನು ಕೇಳು ಎನ್ನಬೇಡಿ.

ನಿಮ್ಮ ಮುಂದಿನವಳು,
ಬನಶ್ರೀ